ಕರಾವಳಿ ಊರುಗಳಿಗೆ ಕನ್ನಡ ಹೆಸರು: ಎಕ್ಸ್‌ಎಂಎಲ್ ಫೈಲನ್ನು ಪೈಥಾನ್‌ನಲ್ಲಿ ತಿದ್ದುವುದು

ಕಾರವಾರದಿಂದ ಭಟ್ಕಳದವರೆಗಿನ ಊರುಗಳಿಗೆ ಜನರೇ ತಿದ್ದಿ ಬೆಳೆಸುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡ ಹೆಸರು ಸೇರಿಸಲು ನಾನು ಬಳಸುವುದು ಪೈಥಾನ್ ಜೊತೆಗೇ ಬರುವ, ಎಕ್ಸ್‌ಎಂಎಲ್ ಓದಿ ತಿದ್ದುವ ಮಾಡ್ಯೂಲ್ ಎಲಿಮೆಂಟ್‌ಟ್ರೀ. ಎಡಿಟರ್‌ನ ಫೈಂಡ್-ರಿಪ್ಲೇಸ್ ಇಲ್ಲಿ ಸಲ್ಲದು. ಕುಮಟಾ ಎಂಬ ಹೆಸರು ಪಟ್ಟಣಕ್ಕೂ ಇದೆ, ಕೊಂಕಣ ರೈಲ್ವೆಯ ನಿಲ್ದಾಣಕ್ಕೂ ಇದೆ. ಕುರುಡಾಗಿ ಬದಲಿಸಿದರೆ ಎರಡೂ ಬದಲಾಗುತ್ತವೆ.

ನಕ್ಷೆಯಿಂದ ಇಳಿಸಿಕೊಂಡ ಎಕ್ಸ್‌ಎಂಎಲ್ ಫೈಲಿನಲ್ಲಿ ಊರು ಎಂದರೆ ಒಂದು ನೋಡ್, ಅಂದರೆ ನಕ್ಷೆಯ ಒಂದು ಬಿಂದು. ಅದರೊಳಗೆ ಟ್ಯಾಗ್‌ಗಳು, ಪ್ರತಿ ಟ್ಯಾಗ್‌ಗೂ ‘ಕೆ’ (ಕೀ) ಮತ್ತು ‘ವಿ’ (ವ್ಯಾಲ್ಯೂ) ಎಂಬ ಎರಡು ಅಟ್ರಿಬ್ಯೂಟ್. ಹೆಸರು ಸಿಗುವುದು ಟ್ಯಾಗ್‌ನಲ್ಲಿ, ಬೇಕಾದದ್ದು ಅದರ ಮೇಲಿನ ನೋಡ್. ಹಾಗಾಗಿ ಹೊಂದುವ ಎಲಿಮೆಂಟ್‌ಗಳನ್ನೆಲ್ಲ ಹುಡುಕಿಕೊಡುವ ಫೈಂಡ್‌ಆಲ್‌ಗೆ ಕೊಡುವ ಪಾಥ್‌ನಲ್ಲಿ ಟ್ಯಾಗ್ ಬರೆದು, ‘ಕೆ’ ಏನಿರಬೇಕು ಎಂಬುದನ್ನು ಒಂದು ಚೌಕ ಆವರಣದಲ್ಲಿ, ‘ವಿ’ ಏನಿರಬೇಕು ಎಂಬುದನ್ನು ಪಕ್ಕದ ಇನ್ನೊಂದರಲ್ಲಿ ಹಾಕಿ, ಕೊನೆಗೆ ಓರೆಗೆರೆ ಮತ್ತು ಎರಡು ಚುಕ್ಕೆ ಇಡುತ್ತೇನೆ. ಆ ಚುಕ್ಕೆಗಳೇ ಒಂದು ಮೆಟ್ಟಿಲು ಮೇಲಕ್ಕೆ ಕರೆದೊಯ್ಯುವುದು. ಎರಡು ಷರತ್ತನ್ನೂ ‘ಆಂಡ್’ ಹಾಕಿ ಒಂದೇ ಆವರಣದಲ್ಲಿ ಬರೆದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಇಂಥ ಪಾಥ್ ಬರೆಯುವ ಭಾಷೆ ಎಕ್ಸ್‌ಪಾಥ್, ಎಲಿಮೆಂಟ್‌ಟ್ರೀಗೆ ಗೊತ್ತಿರುವುದು ಅದರ ಸಣ್ಣ ಭಾಗ ಮಾತ್ರ. ಹೋಲಿಕೆ ಪೂರ್ತಿ ಸರಿಯಿರಬೇಕು: ‘ನೇಮ್’ ಎಂದು ಹುಡುಕಿದರೆ ಇಂಗ್ಲಿಷ್ ಹೆಸರಿನ ‘ನೇಮ್:ಇಎನ್’ ಸಿಗದು. ಇದು ಒಳ್ಳೆಯದೇ, ಬೇರೆ ಭಾಷೆಯ ಹೆಸರುಗಳು ಮುಟ್ಟದೆ ಉಳಿಯುತ್ತವೆ.

ಸಿಕ್ಕವುಗಳಲ್ಲಿ ಊರೆಂದು ಗುರುತಿಸುವ ‘ಪ್ಲೇಸ್’ ಟ್ಯಾಗ್ ಇರುವ ನೋಡ್‌ಗಳನ್ನಷ್ಟೇ ಇಟ್ಟುಕೊಳ್ಳುತ್ತೇನೆ. ನಿಲ್ದಾಣ ಅಲ್ಲಿಗೇ ಕಳಚಿಕೊಳ್ಳುತ್ತದೆ.

ಮುಂದಿನದು ನೋಡ್‌ನಲ್ಲಿ ಕನ್ನಡ ಹೆಸರಿನ ‘ನೇಮ್:ಕೆಎನ್’ ಮೊದಲೇ ಇದೆಯೇ ಎಂದು ನೋಡುವುದು. ಇದ್ದರೆ ಸೆಟ್ ಬಳಸಿ ‘ವಿ’ ತಿದ್ದುವುದು, ಇಲ್ಲದಿದ್ದರೆ ಸಬ್‌ಎಲಿಮೆಂಟ್‌ನಿಂದ ಹೊಸ ಟ್ಯಾಗ್ ಸೇರಿಸುವುದು. ಇಲ್ಲಿ ಬರೀ ‘ಇಫ್ ಟ್ಯಾಗ್’ ಎಂದು ಬರೆಯಲೇಬಾರದು. ಮಕ್ಕಳಿಲ್ಲದ ಎಲಿಮೆಂಟ್ ಸಿಕ್ಕಿದ್ದರೂ ಪೈಥಾನ್ ಅದನ್ನು ಸುಳ್ಳೆಂದೇ ಎಣಿಸುತ್ತದೆ, ಈ ಟ್ಯಾಗ್‌ಗಳಿಗೆ ಮಕ್ಕಳೇ ಇರುವುದಿಲ್ಲ. ಪರಿಣಾಮ, ಅದೇ ಕೀ ಎರಡು ಸಲ ಸೇರುತ್ತದೆ. ನಕ್ಷೆಯಲ್ಲಿ ಅದಕ್ಕೆ ಅವಕಾಶವಿಲ್ಲ. ‘ಈಸ್ ನಾಟ್ ನನ್’ ಎಂದೇ ಪರೀಕ್ಷಿಸಬೇಕು. ಪೈಥಾನ್ 3.12ರಿಂದ ಈ ಬಗ್ಗೆ ಎಚ್ಚರಿಕೆಯೂ ಬರುತ್ತದೆ.

ತಿದ್ದಿದ ನೋಡ್‌ಗೆ ‘ಆಕ್ಷನ್’ ಅಟ್ರಿಬ್ಯೂಟ್ ಸೇರಿಸಿ ‘ಮಾಡಿಫೈ’ ಎಂದಿಡಬೇಕು. ಇಲ್ಲವಾದರೆ ನಕ್ಷೆ ತಿದ್ದುವ ತಂತ್ರಾಂಶ ಜೆಒಎಸ್‌ಎಂ ಹೊಸ ಹೆಸರನ್ನು ತೋರಿಸಿದರೂ ಅಪ್‌ಲೋಡ್‌ಗೆ ತೆಗೆದುಕೊಳ್ಳುವುದಿಲ್ಲ. ‘ಐಡಿ’, ‘ವರ್ಷನ್’ ಎರಡನ್ನೂ ಮುಟ್ಟಬೇಡಿ. ನಡುವೆ ಬೇರೆಯವರು ಅದೇ ಊರನ್ನು ತಿದ್ದಿದ್ದರೆ ಸರ್ವರ್‌ಗೆ ತಿಳಿಯುವುದು ವರ್ಷನ್‌ನಿಂದಲೇ.

ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಿ, ಎಕ್ಸ್‌ಎಂಎಲ್ ಡಿಕ್ಲರೇಷನ್ ಅನ್ನೂ ಟ್ರೂ ಮಾಡಿ. ಏನೂ ಹೇಳದಿದ್ದರೆ ಆಸ್ಕಿಯಲ್ಲಿ ಬರೆದು, ‘ಕ’ ಇರುವಲ್ಲಿ ಕ ಎಂದು ಕೂರಿಸುತ್ತದೆ. ಕಂಪ್ಯೂಟರ್ ಅದನ್ನು ಸರಿಯಾಗಿಯೇ ಓದಿಕೊಳ್ಳುತ್ತದೆ, ಆದರೆ ಹೊನ್ನಾವರದ ಒತ್ತಕ್ಷರ ಸರಿಯಿದೆಯೇ ಎಂದು ಕಣ್ಣಿಂದ ನೋಡಿ ಹೇಳಲಾಗದು. ಮೂಲ ಫೈಲಿನ ಮೇಲೆ ಬರೆಯದೆ ಬೇರೆ ಹೆಸರಿನಲ್ಲಿ ಉಳಿಸಿ, ಎರಡನ್ನೂ ಡಿಫ್‌ನಲ್ಲಿ ಹೋಲಿಸಿ ನೋಡಿದ ಮೇಲೆಯೇ ನಾನು ಅಪ್‌ಲೋಡ್ ಮಾಡುವುದು.