ಫೋನ್ ಆನ್ ಆದ ಕೂಡಲೇ ಸರ್ವಿಸ್ ಎಬ್ಬಿಸಲು ಹೋಗಿ

ಅಪ್ಪನಿಗೆ ದಿನಕ್ಕೆ ಮೂರು ಹೊತ್ತು ಮಾತ್ರೆ. ಮರೆತುಬಿಡುತ್ತಾರೆ ಅಂತ ಅವರ ಆಂಡ್ರಾಯ್ಡ್ ಫೋನಿಗೆ ನಾನೇ ಒಂದು ಪುಟ್ಟ ಆ್ಯಪ್ ಬರೆದುಕೊಟ್ಟಿದ್ದೆ. ಹೊತ್ತಿಗೆ ಸರಿಯಾಗಿ ಸದ್ದು ಮಾಡಬೇಕು, ಅಷ್ಟೇ ಅದರ ಕೆಲಸ. ಎರಡು ವಾರ ಚೆನ್ನಾಗಿಯೇ ನಡೆಯಿತು. ಒಂದು ದಿನ ಅಪ್ಪ, "ಇವತ್ತು ನಿನ್ನ ಗಂಟೆ ಹೊಡೀಲೇ ಇಲ್ವಲ್ಲೋ" ಅಂದರು. ಹಿಂದಿನ ರಾತ್ರಿ ಚಾರ್ಜ್ ಮುಗಿದು ಫೋನ್ ಆಫ್ ಆಗಿತ್ತು. ಬೆಳಗ್ಗೆ ಆನ್ ಮಾಡಿದ್ದರು. ಫೋನ್ ಎದ್ದಿತ್ತು, ನನ್ನ ಆ್ಯಪ್ ಎದ್ದಿರಲಿಲ್ಲ.

ತಪ್ಪು ನನ್ನದೇ. ಹೊತ್ತಿಗೆ ಆ್ಯಪನ್ನು ಎಬ್ಬಿಸುವ ಆಂಡ್ರಾಯ್ಡ್‌ನ ಅಲಾರ್ಮ್ ಮ್ಯಾನೇಜರ್‌ಗೆ ಒಪ್ಪಿಸಿದ ಅಲಾರ್ಮ್‌ಗಳೆಲ್ಲ ಫೋನ್ ಆಫ್ ಆದರೆ ಅಳಿಸಿಹೋಗುತ್ತವೆ. ಆಗ ನನಗೆ ಹೊಳೆದ ಉಪಾಯ ಇದು: ಫೋನ್ ಆನ್ ಆದ ಕೂಡಲೇ ಒಂದು ಸರ್ವಿಸ್ ಶುರುವಾಗಲಿ, ತೆರೆಮರೆಯಲ್ಲಿ ಸುಮ್ನೆ ಓಡುತ್ತಾ ಗಡಿಯಾರ ನೋಡಿಕೊಂಡಿರಲಿ.

ಮೊದಲ ಭಾಗ ಸುಲಭ. ಆ್ಯಪಿಗೆ ಏನೇನು ಬೇಕು ಅಂತ ಸಿಸ್ಟಂಗೆ ಹೇಳುವ ಮ್ಯಾನಿಫೆಸ್ಟ್ ಫೈಲಿನಲ್ಲಿ 'ರಿಸೀವ್ ಬೂಟ್ ಕಂಪ್ಲೀಟೆಡ್' ಅನುಮತಿ ಬರೆದೆ. ಇದಕ್ಕೆ ಬಳಕೆದಾರರನ್ನು ಕೇಳಬೇಕಿಲ್ಲ, ಇನ್‌ಸ್ಟಾಲ್ ಮಾಡುವಾಗಲೇ ಸಿಗುತ್ತದೆ. ಜೊತೆಗೆ, ಫೋನ್ ಎದ್ದು ಸಿದ್ಧವಾಯಿತು ಅಂತ ಸಿಸ್ಟಂ ಸಾರುವ 'ಬೂಟ್ ಕಂಪ್ಲೀಟೆಡ್' ಸಂದೇಶ ಕೇಳಿಸಿಕೊಳ್ಳುವ ಒಂದು ಬ್ರಾಡ್‌ಕಾಸ್ಟ್ ರಿಸೀವರ್ ಸೇರಿಸಿದೆ. ನನ್ನ ಟೆಸ್ಟ್ ಫೋನಿಗೆ ಹಾಕಿ ರೀಬೂಟ್ ಮಾಡಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಮಾಡಿದೆ, ಫೋನಿನೊಳಗಿನ ಆಗುಹೋಗು ದಾಖಲಾಗುವ ಲಾಗ್‌ಕ್ಯಾಟ್‌ನಲ್ಲಿ ಒಂದು ಸಾಲೂ ಇಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಎಡಿಬಿಯಿಂದ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಸಲಕರಣೆ) ಇನ್‌ಸ್ಟಾಲ್ ಮಾಡಿದವನು ಆ್ಯಪನ್ನು ಒಮ್ಮೆಯೂ ತೆರೆದಿರಲಿಲ್ಲ! ಆಂಡ್ರಾಯ್ಡ್ 3.1ರಿಂದಲೂ ನಿಯಮ ಹೀಗೇ ಇದೆ. ಒಮ್ಮೆಯಾದರೂ ತೆರೆಯದ ಆ್ಯಪಿಗೆ ಈ ಸಂದೇಶ ತಲುಪುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ 'ಫೋರ್ಸ್ ಸ್ಟಾಪ್' ಒತ್ತಿದರೂ ಮತ್ತೆ ಅದೇ ಸ್ಥಿತಿ.

ತೆರೆದು, ಮುಚ್ಚಿ, ರೀಬೂಟ್ ಮಾಡಿದೆ. ಈ ಸಲ ರಿಸೀವರ್ ಎದ್ದಿತು, ಎದ್ದ ತಕ್ಷಣ ಕ್ರ್ಯಾಶ್ ಆಯಿತು. ಆ್ಯಪ್ ಹಿನ್ನೆಲೆಯಲ್ಲಿರುವಾಗ ಬರೀ 'ಸ್ಟಾರ್ಟ್ ಸರ್ವಿಸ್' ಅನ್ನುವುದು ಆಂಡ್ರಾಯ್ಡ್ 8ರಿಂದ ನಡೆಯುವುದಿಲ್ಲ. ಬಳಕೆದಾರರಿಗೆ ಕಾಣುವಂತೆ ಓಡುವ ಫೋರ್‌ಗ್ರೌಂಡ್ ಸರ್ವಿಸ್ ಆಗಬೇಕು, ಶುರುವಾದ 5 ಸೆಕೆಂಡಿನೊಳಗೆ 'ಸ್ಟಾರ್ಟ್ ಫೋರ್‌ಗ್ರೌಂಡ್' ಕರೆದು ನೋಟಿಫಿಕೇಶನ್ ತೋರಿಸಬೇಕು. ಐದು ಸೆಕೆಂಡ್ ಧಾರಾಳವಾಗಿ ಸಾಲುತ್ತದೆ ಅಂದುಕೊಂಡು, ಮೊದಲು ಡೇಟಾಬೇಸ್ ತೆರೆದು, ಮಾತ್ರೆಗಳ ಪಟ್ಟಿ ಓದಿ, ಆಮೇಲೆ ಅದನ್ನು ಕರೆದಿದ್ದೆ. ನನ್ನ ಫೋನಿನಲ್ಲಿ ಸರಿಹೋಯಿತು. ಅಪ್ಪನ ಹಳೇ ಫೋನಿನಲ್ಲಿ ಸತ್ತಿತು. ಆಗಷ್ಟೇ ಆನ್ ಆದ ಫೋನಿನಲ್ಲಿ ಎಲ್ಲ ಆ್ಯಪ್‌ಗಳೂ ಒಟ್ಟಿಗೆ ಏಳುತ್ತಿರುತ್ತವೆ, ಸೆಕೆಂಡುಗಳು ಹೇಗೆ ಹೋದವು ಅಂತಲೇ ತಿಳಿಯುವುದಿಲ್ಲ. 'ಸ್ಟಾರ್ಟ್ ಫೋರ್‌ಗ್ರೌಂಡ್' ಕರೆಯನ್ನು ಎಲ್ಲಕ್ಕಿಂತ ಮೇಲಿನ ಸಾಲಿಗೆ ತಂದ ಮೇಲೆ ಸಾಯುವುದು ನಿಂತಿತು.

ಗೆದ್ದೆ ಅಂದುಕೊಂಡೆ. ಎರಡೇ ದಿನ. "ಇದೇನೋ ಮೇಲ್ಗಡೆ ಯಾವಾಗ್ಲೂ ಕೂತಿರುತ್ತೆ, ತೆಗಿಯೋ" ಅಂದರು ಅಪ್ಪ, ನೋಟಿಫಿಕೇಶನ್ ತೋರಿಸಿ. ಅವರ ಮಾತು ನ್ಯಾಯವೇ ಅಲ್ವಾ? ದಿನಕ್ಕೆ ಮೂರು ಸಲ ಸದ್ದು ಮಾಡಲು 24 ಗಂಟೆ ಎಚ್ಚರವಾಗಿರುವ ಕಾವಲುಗಾರ ಯಾಕೆ? ಮುಂದಿನ ದಾರಿಯೂ ಇಕ್ಕಟ್ಟಾಗುತ್ತಾ ಹೋಗಿದೆ. ಆಂಡ್ರಾಯ್ಡ್ 14ಕ್ಕೆ ಗುರಿಯಿಟ್ಟು ಬರೆದರೆ ಸರ್ವಿಸ್ ಯಾವ ಬಗೆಯದು ಅಂತ ಹೇಳಲೇಬೇಕು. 15ಕ್ಕಾದರೆ ಡೇಟಾ ಸಿಂಕ್, ಕ್ಯಾಮೆರಾ, ಮೀಡಿಯಾ ಪ್ಲೇಬ್ಯಾಕ್‌ನಂಥ ಬಗೆಗಳನ್ನು ಬೂಟ್ ರಿಸೀವರ್‌ನಿಂದ ಶುರು ಮಾಡುವಂತೆಯೇ ಇಲ್ಲ.

ಸರ್ವಿಸನ್ನು ಪೂರ್ತಿ ಅಳಿಸಿದೆ. ಈಗ ರಿಸೀವರ್ ಏಳುತ್ತದೆ, ಸಮಯಗಳನ್ನು ಓದುತ್ತದೆ, ಅಲಾರ್ಮ್‌ಗಳನ್ನು ಮತ್ತೆ ಇಡುತ್ತದೆ, ಮಲಗುತ್ತದೆ. ಸರ್ವಿಸ್ ಬರೆಯಲು ಹೋದ ದಿನಗಳು ನೀರಲ್ಲಿ ಹೋಮ. (ಸಮಯ ಒಂದಿಷ್ಟು ಹಿಂದೆ ಮುಂದೆ ಆದರೂ ನಡೆಯುವ ಕೆಲಸವಾಗಿದ್ದರೆ ಕೆಲಸಗಳನ್ನು ಸರದಿಗೆ ಹಾಕುವ ವರ್ಕ್ ಮ್ಯಾನೇಜರ್ ಸಾಕಿತ್ತು. ರೀಬೂಟ್ ಆದರೂ ಅದು ತನ್ನ ಕೆಲಸಗಳನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ.)

ಆದರೂ ಇನ್ನೊಂದು ಬೆಳಗ್ಗೆ ಗಂಟೆ ಹೊಡೆಯಲಿಲ್ಲ. ಈ ಸಲ ಚಾರ್ಜ್ ಇತ್ತು. ರಾತ್ರಿ ಸಿಸ್ಟಂ ಅಪ್‌ಡೇಟ್ ಆಗಿ ಫೋನ್ ತಾನೇ ರೀಬೂಟ್ ಆಗಿತ್ತು. ಅಪ್ಪ ಇನ್ನೂ ಪಿನ್ ಒತ್ತಿರಲಿಲ್ಲ. ನನಗೆ ಅಲ್ಲಿಯವರೆಗೆ ಹೊಳೆದಿರದ ಸಂಗತಿ ಇದು: ಆಂಡ್ರಾಯ್ಡ್ 7ರಲ್ಲಿ, ಲಾಕ್ ತೆಗೆಯುವ ಮುಂಚೆಯೇ ಕೆಲವು ಆ್ಯಪ್‌ಗಳನ್ನು ಓಡಲು ಬಿಡುವ ಡೈರೆಕ್ಟ್ ಬೂಟ್ ಬಂದ ಮೇಲೆ 'ಬೂಟ್ ಕಂಪ್ಲೀಟೆಡ್' ಬರುವುದು ಫೋನ್ ಆನ್ ಆದಾಗಲ್ಲ, ಮೊದಲ ಸಲ ಲಾಕ್ ತೆಗೆದಾಗ. ಅದಕ್ಕೂ ಮುಂಚೆ ಬರುವುದು 'ಲಾಕ್ಡ್ ಬೂಟ್ ಕಂಪ್ಲೀಟೆಡ್'. ಅದನ್ನು ಕೇಳಿಸಿಕೊಳ್ಳಬೇಕಾದರೆ ರಿಸೀವರ್‌ಗೆ 'ಡೈರೆಕ್ಟ್ ಬೂಟ್ ಅವೇರ್' ಅಂತ ಗುರುತು ಹಾಕಬೇಕು. ಅಲಾರ್ಮ್ ಹೊಡೆದಾಗ ಏಳುವ ರಿಸೀವರ್‌ಗೂ ಹಾಕಬೇಕು, ಅದನ್ನು ನಾನು ಮೊದಲು ಮರೆತಿದ್ದೆ.

ಇಲ್ಲೊಂದು ತೊಡಕಿದೆ. ಲಾಕ್ ತೆಗೆಯುವವರೆಗೆ ಆ್ಯಪಿನ ಮಾಮೂಲಿ ಡೇಟಾ ಬೀಗ ಹಾಕಿದ ಪೆಟ್ಟಿಗೆ ಇದ್ದಂತೆ, ಡೇಟಾಬೇಸ್ ಕೈಗೆ ಸಿಗುವುದಿಲ್ಲ. 'ಡಿವೈಸ್ ಪ್ರೊಟೆಕ್ಟೆಡ್ ಸ್ಟೋರೇಜ್' ಅನ್ನುವ ಜಾಗ ಮಾತ್ರ ತೆರೆದಿರುತ್ತದೆ. ಅಲ್ಲಿ ಬರೀ ಸಮಯಗಳನ್ನು ಇಟ್ಟೆ, ಮಾತ್ರೆಗಳ ಹೆಸರನ್ನು ಇಡಲಿಲ್ಲ. ಯಾರಿಗೆ ಯಾವ ಕಾಯಿಲೆ ಅನ್ನುವುದು ಬೀಗದೊಳಗೇ ಇರಲಿ.

ಕೆಲವು ಫೋನುಗಳಲ್ಲಿ ತಯಾರಕರೇ ಸೇರಿಸಿದ 'ಆಟೋಸ್ಟಾರ್ಟ್' ಸ್ವಿಚ್ ಬೇರೆ ಇರುತ್ತದೆ. ಅದು ಆಫ್ ಇದ್ದರೆ ಮೇಲಿನದೆಲ್ಲ ವ್ಯರ್ಥ. ಕೋಡ್‌ನಿಂದ ಆನ್ ಮಾಡಲು ನನಗೆ ದಾರಿ ಸಿಗಲಿಲ್ಲ, ಅಪ್ಪನ ಫೋನಿನಲ್ಲಿ ಕೈಯಾರೆ ಮಾಡಿಕೊಟ್ಟೆ.

ಪರೀಕ್ಷೆ ಮಾಡಲು ರೂಟ್ ಮಾಡಿದ (ಅಂದರೆ ಪೂರ್ತಿ ಅಧಿಕಾರ ಪಡೆದ) ಎಮ್ಯುಲೇಟರ್‌ನಲ್ಲಿ, ಕಂಪ್ಯೂಟರಿನೊಳಗಿನ ನಕಲಿ ಫೋನಿನಲ್ಲಿ, ಎಡಿಬಿಯಿಂದಲೇ ಬೂಟ್ ಸಂದೇಶ ಕಳಿಸಬಹುದು. ಕೊನೆಗೆ ನಾನು ನಂಬಿದ್ದು ನಿಜವಾದ ಫೋನನ್ನೇ. ಐದು ನಿಮಿಷ ಮುಂದಕ್ಕೆ ಅಲಾರ್ಮ್ ಇಟ್ಟು, ರೀಬೂಟ್ ಮಾಡಿ, ಪಿನ್ ಒತ್ತದೆ ಕಾದು ಕೂತೆ. ಹೊತ್ತಿಗೆ ಸರಿಯಾಗಿ ನೋಟಿಫಿಕೇಶನ್ ಬಂತು, ಸದ್ದು ಮಾತ್ರ ಇಲ್ಲ! ಅಪ್ಪ ಆರಿಸಿಕೊಂಡಿದ್ದ ರಿಂಗ್‌ಟೋನ್ ಫೈಲೂ ಬೀಗದೊಳಗೇ ಇತ್ತು. ಆ್ಯಪಿನ ಒಳಗೇ ಒಂದು ಗಂಟೆ ಸದ್ದು ಸೇರಿಸಿದೆ. ಲಾಕ್ ಆಗಿದ್ದಾಗ ಅದು, ತೆಗೆದ ಮೇಲೆ ಅಪ್ಪನದು.