ಕ್ಯಾಲಿಫೋರ್ನಿಯಾದಲ್ಲಿ ಮೊದಲ ಕಾರು: ಇನ್ಶೂರೆನ್ಸ್ ಎಷ್ಟಕ್ಕೆ ಮಾಡಿಸಬೇಕು?

ಊರಲ್ಲಿ ಗಾಡಿ ಓಡಿಸಿದವರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಹೊಸದೇನಲ್ಲ. ಕಾನೂನು ಕೇಳುವಷ್ಟು ಮಾಡಿಸಿದರೆ ಸಾಕು ಎಂಬ ಅಭ್ಯಾಸವೂ ನಮಗೆ ಅಲ್ಲಿಂದಲೇ ಬಂದಿದೆ. ಭಾರತದಲ್ಲಿ ಅದಕ್ಕೆ ಅರ್ಥವಿದೆ. ನಿಮ್ಮ ಗಾಡಿಯಿಂದ ಯಾರಿಗಾದರೂ ಪೆಟ್ಟಾದರೆ ಅಥವಾ ಜೀವ ಹೋದರೆ, ಕೋರ್ಟು ಹೇಳಿದ ಪರಿಹಾರವನ್ನು ಕಂಪನಿ ಕೊಡುತ್ತದೆ. ಆ ಮೊತ್ತಕ್ಕೆ ಮಿತಿ ಇಲ್ಲ. ಇಲ್ಲಿ ಮಿತಿ ಇದೆ, ಅದೂ ತುಂಬ ಕಡಿಮೆ. ಹೊಸದಾಗಿ ಬಂದವರು ಮೊದಲು ತಿಳಿಯಬೇಕಾದ್ದು ಇದನ್ನೇ.

ನಮ್ಮ ಥರ್ಡ್ ಪಾರ್ಟಿಯಂಥದ್ದಕ್ಕೆ ಇಲ್ಲಿ ಲಯಬಿಲಿಟಿ ಅನ್ನುತ್ತಾರೆ. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದ ಕನಿಷ್ಠ ಲಯಬಿಲಿಟಿ 30/60/15. ಅಂದರೆ ಅಪಘಾತದಲ್ಲಿ ಒಬ್ಬರಿಗೆ ಪೆಟ್ಟಾದರೆ 30,000 ಡಾಲರ್‌ವರೆಗೆ, ಎಷ್ಟೇ ಜನರಿದ್ದರೂ ಎಲ್ಲರಿಗೂ ಸೇರಿ 60,000ದವರೆಗೆ, ಬೇರೆಯವರ ಕಾರು, ಬೇಲಿ, ಕಂಬಕ್ಕೆ ಹಾನಿಯಾದರೆ 15,000ದವರೆಗೆ. ಅದಕ್ಕೂ ಮೊದಲು ದಶಕಗಳ ಕಾಲ ಇದು 15/30/5 ಇತ್ತು. 2035ಕ್ಕೆ 50/100/25 ಆಗಲಿದೆ.

ಸಂಖ್ಯೆ ಜಾಸ್ತಿಯಾಯಿತು ಅಂತ ನಿಶ್ಚಿಂತರಾಗಬೇಡಿ. 880 ಅಥವಾ 101 ಫ್ರೀವೇಯಲ್ಲಿ ನಿಮ್ಮ ಮುಂದಿರುವ ಕಾರುಗಳನ್ನು ಒಮ್ಮೆ ನೋಡಿ. ಹದಿನೈದು ಸಾವಿರಕ್ಕೆ ಬರುವ ಹೊಸ ಕಾರು ಒಂದಾದರೂ ಇದೆಯಾ? ಇನ್ನು ಆಸ್ಪತ್ರೆ ಖರ್ಚು. ಮೂಳೆ ಮುರಿದು ಆಪರೇಷನ್ ಆದರೆ 30,000 ಡಾಲರ್ ಕಣ್ಣಿಗೇ ಕಾಣುವುದಿಲ್ಲ. ತಪ್ಪು ನಿಮ್ಮದಾದರೆ ಮಿತಿಗಿಂತ ಮೇಲಿನ ಹಣ ನಿಮ್ಮ ಮೇಲೆ ಬರುತ್ತದೆ. ಕೋರ್ಟಿನ ಮೂಲಕ ಸಂಬಳದಿಂದಲೂ ಹಿಡಿಯಬಹುದು. ಹಾಗಾಗಿ ಕೋಟ್ (ಪ್ರೀಮಿಯಂ ಎಷ್ಟಾಗುತ್ತದೆ ಎಂಬ ಲೆಕ್ಕ) ಕೇಳುವಾಗ ಕನಿಷ್ಠದ ಜೊತೆಗೆ 100/300/100ಕ್ಕೂ ಕೇಳಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮಿತಿ ಮೂರು ಪಟ್ಟಿಗಿಂತ ಹೆಚ್ಚಾದರೂ ಪ್ರೀಮಿಯಂ ಸಾಮಾನ್ಯವಾಗಿ ಮೂರು ಪಟ್ಟಾಗುವುದಿಲ್ಲ. ನನ್ನನ್ನು ಕೇಳಿದರೆ, ಮನೆ ಬಾಡಿಗೆ ಕಟ್ಟುವ ಶಕ್ತಿ ಇರುವ ಯಾರೂ ಕನಿಷ್ಠಕ್ಕೆ ನಿಲ್ಲಬಾರದು.

ಲಯಬಿಲಿಟಿ ನಿಮ್ಮ ಸ್ವಂತ ಕಾರಿಗೆ ಒಂದು ಡಾಲರನ್ನೂ ಕೊಡುವುದಿಲ್ಲ. ಅದಕ್ಕೆ ಕೊಲಿಷನ್ (ಗುದ್ದಿ ಆದ ಹಾನಿಗೆ) ಮತ್ತು ಕಾಂಪ್ರಹೆನ್ಸಿವ್ (ಕಳ್ಳತನ, ಬೆಂಕಿಯಂಥದ್ದಕ್ಕೆ) ಬೇರೆ ತಗೊಳ್ಳಬೇಕು. ಕಾರು ಸಾಲದ್ದೋ ಲೀಸಿನದ್ದೋ ಆದರೆ ಸಾಲ ಕೊಟ್ಟವರೇ ಅದನ್ನು ಕೇಳುತ್ತಾರೆ.

ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್ ಅಂತ ಇನ್ನೊಂದಿದೆ. ಗುದ್ದಿದವನ ಹತ್ತಿರ ಇನ್ಶೂರೆನ್ಸೇ ಇಲ್ಲದಿದ್ದರೆ ನಿಮಗಾದ ಗಾಯಕ್ಕೆ ಹಣ ಬರುವುದು ಇದರಿಂದ. ಕಂಪನಿ ಇದನ್ನು ಕೊಡುತ್ತೇವೆ ಅಂತ ಹೇಳಲೇಬೇಕು. ಬೇಡ ಅನ್ನುವವರು ಬರೆದು ಸಹಿ ಹಾಕಬೇಕು. ಆನ್‌ಲೈನ್‌ನಲ್ಲಿ ಪಾಲಿಸಿ ಮಾಡುವಾಗ ಸುಮ್ನೆ ಟಿಕ್ ಹಾಕುತ್ತಾ ಹೋದರೆ ಗೊತ್ತಿಲ್ಲದೆ ಬೇಡ ಅಂದುಬಿಡುತ್ತೀರಿ. ದಯವಿಟ್ಟು ಆ ಪುಟವನ್ನು ನಿಧಾನವಾಗಿ ಓದಿ.

ಹೊಸಬರಿಗೆ ಕ್ರೆಡಿಟ್ ಹಿಸ್ಟರಿ ಇರುವುದಿಲ್ಲ, ಅಲ್ವಾ? ಈ ರಾಜ್ಯದಲ್ಲಿ ಅದರ ಚಿಂತೆ ಬೇಡ. ಕಾರು ಇನ್ಶೂರೆನ್ಸಿಗೆ ಕ್ರೆಡಿಟ್ ಸ್ಕೋರ್ ನೋಡುವಂತಿಲ್ಲ. ಮುಖ್ಯವಾಗಿ ನೋಡುವುದು ನಿಮ್ಮ ಡ್ರೈವಿಂಗ್ ದಾಖಲೆ, ವರ್ಷಕ್ಕೆ ಎಷ್ಟು ಮೈಲಿ ಓಡಿಸುತ್ತೀರಿ, ಎಷ್ಟು ವರ್ಷದ ಅನುಭವ ಎಂಬುದನ್ನು. ಊರಿನ ಲೈಸೆನ್ಸಿನ ವರ್ಷಗಳನ್ನು ಲೆಕ್ಕಕ್ಕೆ ತಗೊಳ್ಳುತ್ತೀರಾ ಅಂತ ಪ್ರತಿ ಕಂಪನಿಯನ್ನೂ ಕೇಳಿ. ಮನೆಯಲ್ಲಿ ಗಂಡ ಅಥವಾ ಹೆಂಡತಿ ಡ್ರೈವಿಂಗ್ ಕಲಿಯುತ್ತಿದ್ದರೆ ಆ ಹೆಸರನ್ನೂ ಹೇಳಿಬಿಡಿ. ಮುಚ್ಚಿಟ್ಟರೆ ಕ್ಲೇಮಿನ ಹೊತ್ತಿಗೆ ತಕರಾರು ಬರುತ್ತದೆ.

ರಜೆಗೆ ಊರಿಗೆ ಹೋಗುವಾಗ ದುಡ್ಡು ಉಳಿಸಲು ಪಾಲಿಸಿ ನಿಲ್ಲಿಸುವವರಿದ್ದಾರೆ. ಕಂಪನಿ ಅದನ್ನು ಡಿಎಂವಿಗೆ (ಇಲ್ಲಿನ ಆರ್‌ಟಿಒ ಇದ್ದಂತೆ) ತಿಳಿಸುತ್ತದೆ, ಕಾರಿನ ರಿಜಿಸ್ಟ್ರೇಷನ್ ಅಮಾನತಾಗಬಹುದು. ಇನ್ಶೂರೆನ್ಸ್ ಇಲ್ಲದ ನಿಮ್ಮದೇ ಕಾರು ಓಡಿಸುವಾಗ ಬೇರೆಯವರು ಬಂದು ಗುದ್ದಿದರೂ ನಷ್ಟ ನಿಮಗೇ. 1996ರಲ್ಲಿ ಮತದಾರರು ಒಪ್ಪಿದ ಕಾನೂನಿನ ಪ್ರಕಾರ ಆಸ್ಪತ್ರೆ ಬಿಲ್ಲು, ಹೋದ ಸಂಬಳವನ್ನು ಕೇಳಬಹುದು, ಅನುಭವಿಸಿದ ನೋವಿಗೆ ಪರಿಹಾರ ಕೇಳುವಂತಿಲ್ಲ.

ಅಪಘಾತವಾದಾಗ ರಸ್ತೆಯಲ್ಲೇ ಮಾತಾಡಿ ಕೈಗೆ ನಗದು ಕೊಟ್ಟು ಮುಗಿಸಲು ಹೋಗಬೇಡಿ. ಫೋಟೋ ತೆಗೆದುಕೊಳ್ಳಿ, ಲೈಸೆನ್ಸ್ ಮತ್ತು ಇನ್ಶೂರೆನ್ಸ್ ವಿವರ ಬರೆದುಕೊಳ್ಳಿ, ನಿಮ್ಮದನ್ನೂ ಕೊಡಿ. ಇನ್ಶೂರೆನ್ಸ್ ಕಾರ್ಡನ್ನು ಫೋನಿನಲ್ಲಿ ತೋರಿಸಿದರೂ ನಡೆಯುತ್ತದೆ. ಯಾರಿಗಾದರೂ ಪೆಟ್ಟಾಗಿದ್ದರೆ, ಇಲ್ಲವೇ ಹಾನಿ 1,000 ಡಾಲರ್ ದಾಟಿದ್ದರೆ, ತಪ್ಪು ಯಾರದ್ದೇ ಇರಲಿ, 10 ದಿನದೊಳಗೆ ಡಿಎಂವಿಗೆ ಎಸ್‌ಆರ್-1 ಎಂಬ ಅಪಘಾತ ವರದಿ ಫಾರಂ ಕಳಿಸಿ. ಪೊಲೀಸರು ರಿಪೋರ್ಟ್ ಬರೆದುಕೊಂಡು ಹೋಗಿದ್ದರೂ ಇದನ್ನು ಬೇರೆಯಾಗಿ ಕಳಿಸಲೇಬೇಕು.