ಲೇಸರ್ ಹೊಡ್ದು ಅಣುವಿನ ಎಕ್ಸೈಟೆಡ್ ಸ್ಟೇಟ್ (ಶಕ್ತಿ ಏರಿದ ಸ್ಥಿತಿ) ನೋಡೋದು ಹೆಂಗ
ಬಳ್ಳಾರಿ, ಕೊಪ್ಪಳ ಕಡೆಯಿಂದ ಎಂಎಸ್ಸಿ ಮುಗಿಸಿ ಲೇಸರ್ ಲ್ಯಾಬಿಗೆ ಹೊಂಟೋರು ಮೊದ್ಲು ನೈಟ್ರಿಕ್ ಆಕ್ಸೈಡ್ ಹಿಡೀರಿ, ಕಲಿಯಾಕ ಇದರಷ್ಟು ಸಸಾರ ಅಣು ಸಿಗಂಗಿಲ್ಲ. ಆರ್ಗಾನ್‌ನಾಗ ಚೂರು ಬೆರೆಸಿ, ಕ್ಷಣಮಾತ್ರ ತೆರೆದು ಮುಚ್ಚೋ ಪಲ್ಸ್ಡ್ ವಾಲ್ವ್‌ನಿಂದ ವ್ಯಾಕ್ಯೂಮಿಗೆ ಬಿಟ್ರ ಗ್ಯಾಸ್ ಹಿಗ್ಗಿ, ಹೊರಗ ನಮ್ಮೂರ ಬಿಸಿಲು 42 ಡಿಗ್ರಿ ಇದ್ರೂ ಒಳಗ ಅಣುಗಳ ತಿರುಗಾಟ ಕೆಲವೇ ಕೆಲ್ವಿನ್ನಿಗೆ ಇಳೀತದ, ಸ್ಪೆಕ್ಟ್ರಮ್ಮಿನಾಗ ಗೆರೆಗಳ ಗದ್ದಲ ಕಮ್ಮಿ ಆಗ್ತದ. ಡೈ ಲೇಸರಿನ (ಬಣ್ಣದ ದ್ರಾವಣದಿಂದ ಬೆಳಕು ಕೊಡೋ ಲೇಸರ್) 452 ನ್ಯಾನೋಮೀಟರ್ ಬೆಳಕಿನ ಆವರ್ತನವನ್ನ ಬಿಬಿಒ (ಬೇರಿಯಂ ಬೋರೇಟ್) ಹರಳಿನಾಗ ಡಬಲ್ ಮಾಡಿ, ತರಂಗಾಂತರ ಅರ್ಧಕ್ಕ ಇಳಿಸಿ, 226ರ ಆಸುಪಾಸು ನಿಧಾನಕ್ಕ ಸ್ಕ್ಯಾನ್ ಮಾಡ್ರಿ. ಈ ಬೆಳಕು ಕಣ್ಣಿಗೆ ಕಾಣಂಗಿಲ್ಲ, ಬಿಳಿ ಕಾರ್ಡ್ ಹಿಡಿದ್ರ ನೀಲಿ ಚುಕ್ಕಿ ಹೊಳೀತದ, ಗಾಗಲ್ ಮಾತ್ರ ತೆಗೀಬ್ಯಾಡ್ರಿ. ಒಂದು ಫೋಟಾನ್ ಅಣುವನ್ನ ಎ ಅನ್ನೋ ಎಕ್ಸೈಟೆಡ್ ಸ್ಟೇಟಿಗೆ ಏರಿಸ್ತದ, ಇನ್ನೊಂದು ಎಲೆಕ್ಟ್ರಾನ್ ಕೀಳ್ತದ: ಎರಡೂ ಸೇರಿ ಸುಮಾರು 11 ಇವಿ (ಎಲೆಕ್ಟ್ರಾನ್ ವೋಲ್ಟ್), ಎಲೆಕ್ಟ್ರಾನ್ ಕೀಳಾಕ ಬೇಕಾಗಿದ್ದು 9.26. ಅಯಾನು ಹಾರಿ ಬರೋ ಹೊತ್ತಿನಿಂದ ತೂಕ ಹೇಳೋ ಟೈಮ್ ಆಫ್ ಫ್ಲೈಟ್‌ನಾಗ ಮಾಸ್ 30ರ, ಅಂದ್ರ ನೈಟ್ರಿಕ್ ಆಕ್ಸೈಡ್ ಅಯಾನಿನ, ಪೀಕ್ ಅಷ್ಟೇ ಎಣಸ್ರಿ; ಬೆಳಕು ಎ ಸ್ಟೇಟಿಗೆ ಸರಿ ಹೊಂದಿದಲ್ಲಿ ಅದು ಏರ್ತದ, ಅದೇ ಗೆರೆ. ಪವರ್ ಏರಿಸೋ ಆಸಿ ಬ್ಯಾಡ, ಗೆರೆ ದಪ್ಪಾಗ್ತಾವ.